ನೆರೆಯ ಶಾಲೆ ಮತ್ತು ಅದರ ಅರ್ಹತೆ

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯ ಸೀಟು ಕೇಳುವ ಕೊಟ್ಟಾರದ ಬಡ ಕುಟುಂಬಕ್ಕೆ ಮೊದಲು ಎದುರಾಗುವುದು, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದೆಯೇ ಎಂಬ ಪ್ರಶ್ನೆ. ಇದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು. 2009ರ ಕಾಯ್ದೆಯು ಖಾಸಗಿ ಶಾಲೆಗಳ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗಗಳ ಮಕ್ಕಳಿಗೆ ಮೀಸಲಿಟ್ಟಿತು. ಕರ್ನಾಟಕ ಸರಕಾರ ನಿಯಮ ತಿದ್ದಿ 2019ರಲ್ಲಿ ಈ ಷರತ್ತನ್ನು ಜಾರಿಗೆ ತಂದಿತು, ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸರಕಾರಿ ಶಾಲೆಗಳು ಬರಿದಾಗುತ್ತಿವೆ ಎಂಬ ಆತಂಕ ನಿಜವೇ. ಆದರೆ ಶಾಲೆ ಇದೆ ಎಂಬುದನ್ನೇ ಅದು ಚೆನ್ನಾಗಿದೆ ಎಂಬುದಕ್ಕೆ ಪ್ರಮಾಣವಾಗಿ ಹಿಡಿಯುವುದು ತರ್ಕದೋಷ.

ಕುದ್ಮುಲ್ ರಂಗರಾವ್ 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಪಟ್ಟಣದಲ್ಲಿ ಶಾಲೆಗಳಿಗೇನೂ ಬರವಿರಲಿಲ್ಲ. ಆ ಮಕ್ಕಳ ಪಾಲಿಗೆ ಅವು ಇದ್ದೂ ಇಲ್ಲದಂತಿದ್ದವು.

2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಪ್ರಥಮವಾದುದನ್ನು ಇಲ್ಲಿ ಉತ್ತರವಾಗಿ ಮುಂದಿಡುವವರುಂಟು. ಆ ಸರಾಸರಿಯಲ್ಲಿ ಖಾಸಗಿ ಶಾಲೆಗಳೂ ಸೇರಿವೆ. ನಾಲ್ಕನೆಯ ತರಗತಿಯ ಮಗು ಎರಡನೆಯ ತರಗತಿಯ ಪಾಠವನ್ನು ತಡವರಿಸದೆ ಓದೀತೇ? ಒಬ್ಬರೇ ಶಿಕ್ಷಕಿ ಎಷ್ಟು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡಿದ್ದಾರೆ? ನೆರೆಯ ಶಾಲೆಯನ್ನು ಹೀಗೆ ಪರೀಕ್ಷಿಸಿ, ಫಲಿತಾಂಶವನ್ನು ಹೆತ್ತವರ ಮುಂದಿಟ್ಟ ಬಳಿಕವಷ್ಟೇ ಸರಕಾರಕ್ಕೆ ಅರ್ಜಿ ತಿರಸ್ಕರಿಸುವ ಅಧಿಕಾರವಿರಬೇಕು.