ಮೇಗುಟಿಯ ಹೆಸರುಗಳು

ಕುಂದಗೋಳದ ಕಡೆಯ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ಗುಡ್ಡವೆಂಬುದೇ ಒಂದು ಕೌತುಕ. ಕಣ್ಣು ಹಾಯುವವರೆಗೆ ಹತ್ತಿ, ಮೆಣಸಿನಕಾಯಿ. ಏರುವುದಕ್ಕೆ ಹೊಲದ ಬದುವಿಗಿಂತ ಎತ್ತರದ್ದಿಲ್ಲ. ಆದುದರಿಂದಲೇ ಇರಬೇಕು, ಕುಬಿಹಾಳದ ನಾಲ್ವರು ಗೆಳೆಯರು ಒಂದು ದಿನದ ಬಿಡುವು ದೊರೆತೊಡನೆ ಐಹೊಳೆಯ ಮೇಗುಟಿಯನ್ನು ಏರಲು ನಿಶ್ಚಯಿಸಿದರು. ಒಬ್ಬರು ಶಾಲೆಯ ಉಪಾಧ್ಯಾಯರು, ಇಬ್ಬರು ಒಕ್ಕಲುತನದವರು, ನಾಲ್ಕನೆಯವರು ಮೆಕ್ಸಿಕೋ ದೇಶವನ್ನು ಸುತ್ತಿ ಬಂದಿದ್ದ ಎಂಜಿನಿಯರು.

ನವಲಗುಂದ ದಾಟುವವರೆಗೂ ಎಂಜಿನಿಯರರ ಬಾಯಲ್ಲಿ ಮಾಯಾ ಜನರದೇ ಮಾತು. ಚಿಚೆನ್ ಇಟ್ಸಾದ ಪಿರಮಿಡ್ಡಿಗೆ ನಾಲ್ಕು ಮಗ್ಗುಲಲ್ಲಿ ತಲಾ 91 ಮೆಟ್ಟಿಲು. ನೆತ್ತಿಯ ಜಗುಲಿಯನ್ನೂ ಕೂಡಿಸಿದರೆ 365, ವರ್ಷದ ದಿನಗಳಷ್ಟು. ಹಿಂದೆ ಯಾರು ಬೇಕಾದರೂ ಏರಬಹುದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ನಿಲ್ಲಿಸಿದರು. "ಅವರು ನಮ್ಮ ಮಯಾಸುರನ ಪೈಕಿಯೇ ಹೌದಲ್ಲೋ?" ಎಂದರು ಒಕ್ಕಲಿಗರಲ್ಲಿ ಹಿರಿಯರು. ಹೆಸರಿನ ಸಾಮ್ಯವೊಂದನ್ನೇ ನಂಬಿ ಸಾಗರವನ್ನು ದಾಟಿದ ವಿದ್ವಾಂಸರು ನಮ್ಮಲ್ಲಿ ಕಡಮೆಯಿಲ್ಲ. ಅವರಿಗಿಂತ ಈ ರೈತರ ಪ್ರಶ್ನೆ ವಾಸಿ, ಅದರಲ್ಲಿ ನಗೆಯಾದರೂ ಇತ್ತು.

ಕರಿನೆಲ ಮುಗಿದು ಬಾದಾಮಿಯ ಕೆಂಪು ಮರಳುಗಲ್ಲು ಮೊದಲಾಯಿತು. ಐಹೊಳೆಯನ್ನು ಮುಟ್ಟಿ ರೊಟ್ಟಿಯ ಗಂಟನ್ನು ಬಿಚ್ಚದೆಯೇ ಮೆಟ್ಟಿಲು ಹತ್ತಿದರು. ಹಾದಿಯ ಬದಿಯ ಬಂಡೆಯೊಂದರ ಮೇಲೆ ಯಾರೋ ಮೊಳೆಯಿಂದ ತಮ್ಮ ಹೆಸರನ್ನೂ ಪ್ರಿಯತಮೆಯ ಹೆಸರನ್ನೂ ಗೀಚಿದ್ದರು. ಇಲ್ಲಿಯೂ ಏರುವುದನ್ನು ನಿಲ್ಲಿಸಬೇಕೆಂದು ಎಂಜಿನಿಯರು ಸಿಡುಕಿದರು. "ಏರೂದು ನಿಂತರ ನೋಡೂದೂ ನಿಂತೀತು" ಎಂದರು ಹಿರಿಯರು, ಏದುಸಿರು ಬಿಡುತ್ತ.

ಮೇಲಿನ ಜಿನಾಲಯದ ಕೆಲಸ ಪೂರ್ತಿಯಾಗಿಲ್ಲ. ಆದರೆ ಅದರ ಗೋಡೆಯ ಶಾಸನ ಭಾರತದ ಚರಿತ್ರೆಯಲ್ಲಿ ಒಂದು ಕೀಲಿಕೈ. ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದುದನ್ನು ಹೊಗಳುವ ರವಿಕೀರ್ತಿ, ಕೀರ್ತಿಯಲ್ಲಿ ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. ಕಾಲವನ್ನು ಎರಡು ಬಗೆಯಾಗಿ ಹೇಳಿದ್ದಾನೆ: ಭಾರತಯುದ್ಧದಿಂದ 3735, ಶಕ 556, ಎಂದರೆ ಕ್ರಿ.ಶ. 634ರ ಸುಮಾರು. ಉಪಾಧ್ಯಾಯರು ಇದನ್ನು ವಿವರಿಸುತ್ತಿರಲು ಎಂಜಿನಿಯರು ಬೆರಗಾದರು. ಆ ವರ್ಷ ಮಾಯಾ ನಗರವಾದ ಪಾಲೆಂಕೆಯಲ್ಲಿ ಪಾಕಾಲನೆಂಬ ಅರಸು ಆಳುತ್ತಿದ್ದ; ಅವನ ಆಳ್ವಿಕೆ 615ರಿಂದ 683. ಅವನ ಗೋರಿ 1952ರಲ್ಲಿ ಪತ್ತೆಯಾದುದು ಶಾಸನಗಳ ಗುಡಿಯೆಂದೇ ಹೆಸರಾದ ಪಿರಮಿಡ್ಡಿನೊಳಗೆ. ಇನ್ನೂ ಸೋಜಿಗವೆಂದರೆ, ಮಾಯಾ ಜನರ ದಿನಗಣನೆಯ ಆರಂಭ ಕ್ರಿ.ಪೂ. 3114, ರವಿಕೀರ್ತಿಯ ಲೆಕ್ಕದ ಆರಂಭ ಕ್ರಿ.ಪೂ. 3102. ಎರಡೂ ಪಂಡಿತರು ಹಿಂದಕ್ಕೆಣಿಸಿ ಹಿಡಿದ ದಿನಗಳು. ನಡುವಣ ಹನ್ನೆರಡು ವರ್ಷ ಬರಿಯ ಆಕಸ್ಮಿಕ. ಆದರೂ ಪರಸ್ಪರ ಸುಳಿವಿಲ್ಲದ ಇಬ್ಬರು, ಒಂದೇ ಕಾಲದಲ್ಲಿ, ಕಲ್ಲಿನ ಮೇಲೆ ಅಷ್ಟು ದೂರದಿಂದ ಎಣಿಸುತ್ತ ಬಂದುದನ್ನು ನೆನೆದರೆ ಮೈ ನವಿರೇಳುತ್ತದೆ.

ಹಿರಿಯರು ಎಲ್ಲವನ್ನೂ ಕೇಳಿ, "ಅರಸನ ಹೆಸರಾಯ್ತು, ಕವಿ ಹೆಸರಾಯ್ತು. ಕಲ್ಲು ಕಡದಾವನ ಹೆಸರೆಲ್ಲೈತಿ?" ಎಂದರು.

ಉಪಾಧ್ಯಾಯರು ತುಸು ಹೊತ್ತು ಸುಮ್ಮನಿದ್ದರು. ಮೇಗುಟಿಯ ಶಾಸನದಲ್ಲಿ ಅದಿಲ್ಲ. ಬಳಿಕ ನೆನಪಾಯಿತು: ಸುಮಾರು ಒಂದು ಶತಮಾನದ ಅನಂತರ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನವೊಂದು ಶಿಲ್ಪಿಯನ್ನು ಹೆಸರಿಸಿ, ಅವನಿಗೆ ಸಂದ ಬಿರುದನ್ನೂ ಹೇಳುತ್ತದೆ. ಅನಿವಾರಿತಾಚಾರಿ ಎನಿಸಿದ ಗುಂಡ ಆತ. ಅದೂ ಕನ್ನಡದಲ್ಲಿ.

ಅಷ್ಟು ಕೇಳಿದ ಮೇಲೆ ಹಿರಿಯರು ಮೇಗುಟಿಯ ಮೇಲೆ ನಿಲ್ಲಲೊಲ್ಲರು. ಉಳಿದ ಗುಡಿಗಳನ್ನು ಅವಸರದಿಂದ ನೋಡಿ, ರೊಟ್ಟಿಯನ್ನು ಗಾಡಿಯಲ್ಲಿಯೇ ತಿಂದು, ಬಂದ ದಾರಿಯಲ್ಲಿಯೇ ಪಟ್ಟದಕಲ್ಲಿಗೆ ಮರಳಿದರು. ಬಿಸಿಲು ಇಳಿದಿತ್ತು. ಉಪಾಧ್ಯಾಯರು ತೋರಿಸಿದ ಸಾಲುಗಳ ಮುಂದೆ ಹಿರಿಯರು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತು, ತಮಗೂ ಗುರುತಾಗುವ ಅಕ್ಷರ ಒಂದಾದರೂ ಉಂಟೋ ಎಂದು, ಕಾವಲುಗಾರ ಸೀಟಿ ಊದುವವರೆಗೂ ಹುಡುಕುತ್ತಿದ್ದರು.