ಕೆಂಪನ್ನು ಅಳೆಯುವವರು ಯಾರು?

ಜಾಗತಿಕ ನಾವೀನ್ಯ ಸೂಚ್ಯಂಕದಲ್ಲಿ 2015ರಲ್ಲಿ 81ನೇ ಸ್ಥಾನದಲ್ಲಿದ್ದ ಭಾರತ 2024ರ ಹೊತ್ತಿಗೆ 39ಕ್ಕೆ ಏರಿತು. ವಿಶ್ವಬ್ಯಾಂಕ್ ಹೊರಡಿಸುತ್ತಿದ್ದ ವ್ಯವಹಾರ ಸುಲಭತೆಯ ಪಟ್ಟಿಯಲ್ಲಿ 142ರಿಂದ 63ಕ್ಕೆ ಬಂದಿತ್ತು. ಬೇರೆ ಕೆಲವು ದೇಶಗಳ ಅಂಕಿಗಳಲ್ಲಿ ಅಕ್ರಮ ಕಂಡುಬಂದದ್ದರಿಂದ 2021ರಲ್ಲಿ ಆ ಪಟ್ಟಿಯನ್ನೇ ನಿಲ್ಲಿಸಬೇಕಾಯಿತು. ಮೇಲೇರಿದ್ದು ಸಂತೋಷದ ವಿಷಯವೇ. ಆದರೆ ದೇಶ ಪೈಪೋಟಿಯಲ್ಲಿ ಗೆದ್ದಿತು ಎಂದಾಗ ಗೆದ್ದವರು ಯಾರು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಅರ್ಥಶಾಸ್ತ್ರ ಬಲ್ಲವರಲ್ಲೂ ಇದರ ಬಗ್ಗೆ ಒಮ್ಮತವಿಲ್ಲ. ದೇಶವೊಂದರ ಸ್ಪರ್ಧಾಶಕ್ತಿಗೆ ಉತ್ಪಾದಕತೆಯ ಹೊರತು ಬೇರೆ ಅರ್ಥವಿಲ್ಲ ಎಂದು ಮೈಕೆಲ್ ಪೋರ್ಟರ್ 1990ರಲ್ಲಿ ವಾದಿಸಿದರು. ದೇಶಗಳನ್ನು ಕಂಪನಿಗಳಂತೆ ಕಾಣುವುದೇ ಅಪಾಯದ ಗೀಳು ಎಂದು ಪಾಲ್ ಕ್ರುಗ್‌ಮನ್ 1994ರಲ್ಲಿ ಬರೆದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆ ಹುರುಳನ್ನು ಒರೆಗೆ ಹಚ್ಚಲು ದಿಲ್ಲಿಗಿಂತ ದೇವರಗುಡ್ಡದ ಸುತ್ತಲಿನ ಸೀಮೆಯೇ ಒಳ್ಳೆಯ ಜಾಗ ಎಂದು ನನಗೆ ಅನ್ನಿಸುತ್ತದೆ.

ಹುಬ್ಬಳ್ಳಿ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ರಾಣೇಬೆನ್ನೂರು ಬಿಟ್ಟರೆ ದೇವರಗುಡ್ಡ, ಅದು ಬಿಟ್ಟರೆ ಬ್ಯಾಡಗಿ. ರಾಣೇಬೆನ್ನೂರಿನ ಸುತ್ತ ತರಕಾರಿಯ ಹೈಬ್ರಿಡ್ ಬೀಜ ತಯಾರಾಗುತ್ತದೆ, ಮೆಡ್ಲೇರಿಯಲ್ಲಿ ಕಂಬಳಿ ನೇಯುತ್ತಾರೆ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ದೊಡ್ಡ ನಾರಿನ ಕಾರ್ಖಾನೆ ಇದೆ, ಬ್ಯಾಡಗಿಯಲ್ಲಿ ಜಗತ್ತು ಬಲ್ಲ ಮೆಣಸಿನಕಾಯಿ ಪೇಟೆ ಇದೆ. ನಡುವೆ ಮಾಲತೇಶ ದೇವರ ಗುಡ್ಡ. ನವರಾತ್ರಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕವೆಂಬ ಭವಿಷ್ಯವಾಣಿ ಕೇಳಲು ಸಾವಿರಾರು ಮಂದಿ ಇಲ್ಲಿ ಸೇರುತ್ತಾರೆ. ರೈತ ಅದರಲ್ಲಿ ಮಳೆ ಬೆಳೆಯನ್ನು ಹುಡುಕುತ್ತಾನೆ, ವ್ಯಾಪಾರಿ ಧಾರಣೆಯನ್ನು ಹುಡುಕುತ್ತಾನೆ. ಮಳೆಯ ವಿಷಯದಲ್ಲಿ ದೈವದ ಮಾತಿಗೆ ಕಿವಿಗೊಡುವುದು ಈ ನೆಲದ ನಂಬಿಕೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಧಾರಣೆಯಲ್ಲಿರುವ ಅನಿಶ್ಚಿತತೆಯ ಬಹುಪಾಲು ಮನುಷ್ಯರೇ ಮಾಡಿಟ್ಟದ್ದು. ಆಳುವವರು ಕೈಯಾಡಿಸಿ ಸರಿಪಡಿಸಬಹುದಾದ ಜಾಗ ಅದು.

ಬ್ಯಾಡಗಿ ಮೆಣಸಿನಕಾಯಿಯ ನಿಜವಾದ ಬೆಲೆ ಇರುವುದು ಖಾರದಲ್ಲಲ್ಲ, ಬಣ್ಣದಲ್ಲಿ. ಡಬ್ಬಿ, ಕಡ್ಡಿ ಎಂಬ ಎರಡು ನಾಟಿ ತಳಿಗಳ ಸುಕ್ಕುಗಟ್ಟಿದ ಸಿಪ್ಪೆಯಲ್ಲಿ ಕಡುಗೆಂಪು ತುಂಬಿರುತ್ತದೆ, ಖಾರ ಕಡಿಮೆ. ಅಮೆರಿಕದ ಮಸಾಲೆ ವರ್ತಕರ ಸಂಘ ರೂಪಿಸಿದ ‘ಅಸ್ಟಾ’ ಎಂಬ ಅಳತೆಯಲ್ಲಿ ಈ ಕಾಯಿಯ ಬಣ್ಣ ನೂರೈವತ್ತನ್ನು ದಾಟುತ್ತದೆ. ಗುಂಟೂರಿನ ಸಣ್ಣಮ್ ಮೂವತ್ತರ ಆಸುಪಾಸು. ಕಾಯಿಯ ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಇಳಿದ ಬಣ್ಣದ ಮೂಲಕ ಬೆಳಕು ಹಾಯಿಸಿ ನೋಡುವ ಪರೀಕ್ಷೆ ಅದು. ಕೊಳ್ಳುವ ದೊಡ್ಡ ಕಂಪನಿಗಳ ಲೆಕ್ಕವೆಲ್ಲ ಆ ಅಂಕಿಯ ಮೇಲೆ ನಡೆಯುತ್ತದೆ. ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಸಾರ ಸಾಸಿಗೆ, ಮಾಂಸದ ತಿನಿಸಿಗೆ, ಲಿಪ್‌ಸ್ಟಿಕ್ಕಿಗೆ ಬಣ್ಣವಾಗಿ ಹೋಗುತ್ತದೆ.

ಈಗ ಸೋಮವಾರವೋ ಗುರುವಾರವೋ ಬ್ಯಾಡಗಿಯ ಪ್ರಾಂಗಣಕ್ಕೆ ಬನ್ನಿ. ದಲಾಲಿ ಅಂಗಡಿಗಳ ಮುಂದೆ ಚೀಲಗಳು ಬಾಯಿ ತೆರೆದು ಕೂತಿರುತ್ತವೆ. ಖರೀದಿದಾರ ಬಂದು ಚೀಲದೊಳಗೆ ಕೈಹಾಕಿ ಒಂದು ಹಿಡಿ ತೆಗೆಯುತ್ತಾನೆ, ಒಂದು ಕಾಯಿ ಮುರಿದು ಒಳಗಿನ ಸಿಪ್ಪೆ ನೋಡುತ್ತಾನೆ, ಹಸಿ ಎಷ್ಟಿದೆ ಎಂದು ಬೆರಳಲ್ಲಿ ಒತ್ತಿ ನೋಡುತ್ತಾನೆ, ಮುಂದಿನ ಲಾಟಿಗೆ ನಡೆಯುತ್ತಾನೆ. ಆಮೇಲೆ ದರ ಬರೆಯುವುದು ಕಂಪ್ಯೂಟರಿನಲ್ಲೇ. ಇ-ಟೆಂಡರ್ ಬಂದು ವರ್ಷಗಳಾದವು. ಬರೆಯುವ ವಿಧಾನ ಹೊಸದು, ಅಳೆಯುವ ವಿಧಾನ ಮಾತ್ರ ಬಹುಮಟ್ಟಿಗೆ ಹಳೆಯದೇ, ಕಣ್ಣು ಮತ್ತು ಕೈ. ಪಳಗಿದ ಖರೀದಿದಾರನ ಕಣ್ಣು ಸಾಮಾನ್ಯದ್ದಲ್ಲ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅದು ಒಬ್ಬನ ಕಣ್ಣು, ಕೊಳ್ಳುವವನ ಕಣ್ಣು. ರೈತನಿಗೆ ತನ್ನ ಲಾಟಿನ ಬಣ್ಣ ನೂರಾ ಎಪ್ಪತ್ತೋ ನೂರಾ ಇಪ್ಪತ್ತೋ ಗೊತ್ತಿಲ್ಲ. ಗೊತ್ತಿಲ್ಲದ ಗುಣಕ್ಕೆ ಬೆಲೆ ಕೇಳುವುದು ಹೇಗೆ? ಮುಂದಿನ ವರ್ಷ ಆ ಗುಣ ಹೆಚ್ಚಿಸಲು ಆತ ಯಾಕೆ ಖರ್ಚು ಮಾಡಬೇಕು?

ನನ್ನ ವಾದದ ತಿರುಳು ಇಷ್ಟೇ. ಹೊಸತನಕ್ಕೆ ಮೊದಲು ಬೇಕಾದದ್ದು ಬಂಡವಾಳವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ಮಾಡಿದ ಸರಕಿನ ಗುಣ ಮಾಡಿದವನ ಕಣ್ಣೆದುರೇ ಅಳತೆಯಾಗಿ ಅವನ ಕೈಗೆ ಹಣವಾಗಿ ಬರುವ ಏರ್ಪಾಡು. ಸಂಸ್ಥೆಗಳ ಸುಧಾರಣೆ ಆ ಜಾಗವನ್ನು ಮುಟ್ಟದಿದ್ದರೆ ಉಳಿದದ್ದೆಲ್ಲ ಮೇಲುಮೇಲಿನ ಕೆಲಸ.

ಇದಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಇದೆ. 2014ರಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆ ಶುರುಮಾಡಿತು. ಎರಡು ವರ್ಷ ಕಳೆದು ಕೇಂದ್ರದ ಇ-ನಾಮ್ ಬಂದದ್ದು ಇದರ ಜಾಡಿನಲ್ಲೇ. ಈ ವೇದಿಕೆಯಿಂದ ಭತ್ತದ ದರ ಶೇ. 5.1, ಶೇಂಗಾದ್ದು ಶೇ. 3.6, ಗೋವಿನಜೋಳದ್ದು ಶೇ. 3.5ರಷ್ಟು ಏರಿದ್ದನ್ನು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಸಣ್ಣ ಅಂಕಿ ಅನ್ನಿಸಬಹುದು. ಖರ್ಚು ಕಳೆದು ಉಳಿಯುವ ಲಾಭ ತೀರ ತೆಳುವಾಗಿರುವ ರೈತನಿಗೆ ಅದು ದೊಡ್ಡದು. ಆದರೆ ಎಲ್ಲ ಬೆಳೆಗಳಿಗೂ ಈ ಫಲ ಸಿಗಲಿಲ್ಲ. ದೂರದ ಖರೀದಿದಾರ ಮಾಲು ನೋಡದೆಯೇ ದರ ಹಾಕಬೇಕಾದರೆ ಗುಣದ ಬಗ್ಗೆ ನಂಬುವಂಥ ಮಾಹಿತಿ ಪರದೆಯ ಮೇಲೆ ಇರಬೇಕು. ಅದಿಲ್ಲದಿದ್ದರೆ ದೇಶಕ್ಕೆಲ್ಲ ತೆರೆದ ಮಾರುಕಟ್ಟೆ ಕೂಡ ಊರಿನ ನಾಲ್ಕು ಮಂದಿಯ ಮಾರುಕಟ್ಟೆಯಾಗಿಯೇ ಉಳಿಯುತ್ತದೆ.

ನಂಬಿಕೆ ಕೆಟ್ಟಾಗ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ 11ರಂದು ಬ್ಯಾಡಗಿಯೇ ಕಂಡಿತು. ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಇಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಳೆದ ವಾರ ಆ ದರ, ಈ ವಾರ ಈ ದರ ಯಾಕೆ ಎಂದು ಕೇಳಿದ ರೈತನಿಗೆ ತೋರಿಸಲು ಯಾರ ಕೈಯಲ್ಲೂ ಒಂದು ಕಾಗದ ಇರಲಿಲ್ಲವೆಂದರೆ, ಅದು ಪೊಲೀಸ್ ಬಂದೋಬಸ್ತಿನಿಂದ ಬಗೆಹರಿಯುವ ಸಮಸ್ಯೆಯಲ್ಲ.

ಹೊರಗೆ ಪೈಪೋಟಿ ಹೇಗೆ ನಡೆದಿದೆ ನೋಡಿ. ಮಸಾಲೆಯಿಂದ ಓಲಿಯೋರೆಸಿನ್ ತೆಗೆಯುವ ತಂತ್ರದ ಮೇಲೆ ದುಡಿದ ಸಂಸ್ಥೆಗಳಲ್ಲಿ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಒಂದು. ಆ ಉದ್ಯಮ ಬೇರೂರಿ ಬೆಳೆದದ್ದು ಕೊಚ್ಚಿಯ ಸುತ್ತ. ಬಹುಕಾಲ ಈ ಕೆಂಪು ಬಣ್ಣದ ವ್ಯಾಪಾರದಲ್ಲಿ ಭಾರತದ್ದೇ ಮೇಲುಗೈ. 2000ರಲ್ಲಿ ಚೀನಾದ ಹೆಬೈ ಪ್ರಾಂತದ ಚೂಜೌ ಎಂಬ ಹಿಂದುಳಿದ ಕೌಂಟಿಯಲ್ಲಿ ಚೆಂಗ್ವಾಂಗ್ ಬಯೋಟೆಕ್ ಎಂಬ ಕಂಪನಿ ಹುಟ್ಟಿತು. ಕಾಯಿಯ ತೊಟ್ಟು ತೆಗೆಯುವ ಕೆಲಸಕ್ಕೆ ಅದು ಯಂತ್ರ ಮಾಡಿತು, ಬಣ್ಣ ತೆಗೆಯುವ ಪ್ರಕ್ರಿಯೆಯನ್ನು ಒಂದೇ ಸರಣಿಗೆ ತಂದಿತು, ಬೆಳೆಗಾಗಿ ಶಿನ್‌ಜಿಯಾಂಗಿನ ಹೊಲಗಳಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಅದು ಈ ಬಣ್ಣದ ಜಗತ್ತಿನ ಮುಂಚೂಣಿಗೆ ಬಂದಿತು. ಅವರ ಗೆಲುವಿನ ಗುಟ್ಟು ದೊಡ್ಡ ಆವಿಷ್ಕಾರವೇನಲ್ಲ. ತೊಟ್ಟು ತೆಗೆಯುವಂಥ ಬೇಸರದ ಕೆಲಸವೂ ಎಂಜಿನಿಯರಿನ ಗಮನಕ್ಕೆ ತಕ್ಕದ್ದು ಎಂದು ಅವರಿಗೆ ಅನ್ನಿಸಿತು, ಅಷ್ಟೇ.

ಬ್ಯಾಡಗಿಯಲ್ಲಿ ತುಂಬು, ಅಂದರೆ ತೊಟ್ಟು, ಬಿಡಿಸುವುದು ಹೆಣ್ಣುಮಕ್ಕಳ ಕೆಲಸ. ಮೂಗಿಗೆ ಸೆರಗು ಸುತ್ತಿ, ರಾಶಿಯ ಸುತ್ತ ಕುಳಿತು, ಕಾಯಿಯನ್ನು ಒಂದೊಂದಾಗಿ ಎತ್ತಿ ತೊಟ್ಟು ಕಿತ್ತು ಹಾಕುತ್ತಾರೆ. ಕೂಲಿ ತೂಕದ ಲೆಕ್ಕದಲ್ಲಿ. ಘಾಟಿಗೆ ಸೀನು, ಕೆಮ್ಮು ತಪ್ಪಿದ್ದಲ್ಲ, ಸಂಜೆ ಮನೆಗೆ ಹೋಗಿ ರೊಟ್ಟಿ ತಟ್ಟುವ ಹೊತ್ತಿಗೂ ಕೈಯ ಉರಿ ಇಳಿದಿರುವುದಿಲ್ಲ. ಯಂತ್ರ ಬಂದರೆ ಈ ಕೂಲಿಯೂ ಹೋಗುತ್ತದೆ ಎಂಬ ಆತಂಕ ನಿಜವಾದದ್ದು. ಅದನ್ನು ಅಲ್ಲಗಳೆಯುವ ಸುಧಾರಕರ ಮಾತು ನನಗೆ ಹಿಡಿಸುವುದಿಲ್ಲ. ಆದರೆ ಅಗ್ಗದ ಕೂಲಿಯನ್ನೇ ನಮ್ಮ ಸ್ಪರ್ಧಾಶಕ್ತಿ ಎಂದು ನೆಚ್ಚಿಕೊಂಡರೆ ಅದು ಆ ತಾಯಂದಿರ ಕೂಲಿ ಎಂದೂ ಏರಬಾರದು ಎಂಬ ಷರತ್ತಿನ ಮೇಲೆ ನಿಂತ ಗೆಲುವಾಗುತ್ತದೆ. ಕಾಯಿಯ ಬಣ್ಣ, ಹಸಿ, ಬೂಷ್ಟು, ಬಿಳಿಗಾಯಿ ಬೇರ್ಪಡಿಸುವ ಅವರ ಕೈಚಳಕವನ್ನು ಗ್ರೇಡಿಂಗ್ ಕಸುಬಾಗಿ ಗುರುತಿಸಿ, ಅದಕ್ಕೆ ತರಬೇತಿ ಕೊಟ್ಟು, ತೂಕದ ಕೂಲಿಯ ಬದಲು ಸಂಬಳಕ್ಕೆ ತರುವುದು ಸಾಧ್ಯ. ಯಂತ್ರ ಬರುವ ಮೊದಲು ಆ ಏರ್ಪಾಡು ಬರಬೇಕು. ಎರಡರ ಸರದಿ ತಪ್ಪಿದರೆ ಹೊಸತನ ಬಡವರ ಮೇಲಿನ ದಾಳಿಯಾಗುತ್ತದೆ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಹೆಸರಿಗೆ ಕಾನೂನಿನ ರಕ್ಷಣೆ ಬಂತು, ತಳಿಗೆ ಬರಲಿಲ್ಲ. ನಾಟಿ ಡಬ್ಬಿ, ಕಡ್ಡಿಗೆ ಇಳುವರಿ ಕಡಿಮೆ, ಮುಟುರು ರೋಗ ಬೇಗ ತಾಗುತ್ತದೆ. ಇತ್ತೀಚಿನ ವರ್ಷಗಳ ಕರಿ ಥ್ರಿಪ್ಸ್ ಕೀಟದ ಹಾವಳಿಯಲ್ಲಿ ರೈತರು ತತ್ತರಿಸಿದರು. ಇಳುವರಿ ಹೆಚ್ಚು ಕೊಡುವ ಹೈಬ್ರಿಡ್‌ಗಳ ಕಡೆಗೆ ಅವರು ವಾಲಿದ್ದು ತಪ್ಪೇನಲ್ಲ. ಮೆಣಸಿನ ಹೂವಿನಲ್ಲಿ ಅಕ್ಕಪಕ್ಕದ ಹೊಲದ ಪರಾಗ ಸುಲಭವಾಗಿ ಬೆರೆಯುವುದರಿಂದ, ರೈತ ಮನೆಯಲ್ಲೇ ತೆಗೆದಿಟ್ಟ ಡಬ್ಬಿ ಬೀಜ ಕೆಲವು ವರ್ಷಗಳಲ್ಲಿ ತನ್ನ ಗುಣ ಕಳೆದುಕೊಳ್ಳುತ್ತದೆ. ತಳಿಯನ್ನು ಶುದ್ಧವಾಗಿ ಉಳಿಸಿ, ರೋಗ ತಡೆಯುವ ಶಕ್ತಿ ಸೇರಿಸಿ, ಪ್ರತಿ ವರ್ಷ ಬೀಜ ಕೊಡುವ ಕೆಲಸ ಸಾರ್ವಜನಿಕ ಸಂಶೋಧನೆಯದು. ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ. ಹಾವೇರಿ ಪಕ್ಕದ ದೇವಿಹೊಸೂರಿನಲ್ಲಿ ತೋಟಗಾರಿಕೆಯ ಸಂಶೋಧನೆ ನಡೆಯುತ್ತದೆ. ದೇಶ ತನ್ನ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಕೊಡುವುದೇ ಶೇ. 0.64. ದಕ್ಷಿಣ ಕೊರಿಯಾ ಶೇ. 4ಕ್ಕೂ ಹೆಚ್ಚು ಕೊಡುತ್ತದೆ. ಆ ಚೂರಿನಲ್ಲಿ ಡಬ್ಬಿಯ ಪಾಲು ಎಷ್ಟು ಸಿಕ್ಕೀತು?

ರಾಣೇಬೆನ್ನೂರಿನ ಬೀಜದ ಪ್ಲಾಟುಗಳ ಕತೆ ಬೇರೆ ತೆರನದು. ಇಲ್ಲಿ ಹೊಸತನ ಆಗಲೇ ಬಂದು ನೆಲೆಸಿದೆ. ನೆಟ್ ಹೌಸಿನೊಳಗೆ ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಕೇಸರ ಕೀಳುತ್ತಾರೆ, ಮರುದಿನ ಬೆಳಿಗ್ಗೆ ಗಂಡು ಗಿಡದ ಪರಾಗ ಸವರುತ್ತಾರೆ. ‘ಕ್ರಾಸಿಂಗ್’ ಎಂದರೆ ಇಲ್ಲಿನ ಮಕ್ಕಳಿಗೂ ಗೊತ್ತು. ಟೊಮೆಟೊ, ದೊಣ್ಣೆಮೆಣಸಿನ ಹೈಬ್ರಿಡ್ ಬೀಜ ದೇಶ ವಿದೇಶಕ್ಕೆ ಹೋಗುವುದು ಈ ಬೆರಳುಗಳಿಂದಲೇ. ಬೀಜ ತೊಳೆದು ಒಣಗಿಸಿ ಕೊಟ್ಟ ಮೇಲೆ ಮೊಳಕೆ ಪರೀಕ್ಷೆ, ತಳಿ ಶುದ್ಧತೆಯ ಪರೀಕ್ಷೆ ಕಂಪನಿಯಲ್ಲಿ ನಡೆಯುತ್ತವೆ. ಫಲಿತಾಂಶ ಬರುವವರೆಗೆ ಹಣ ಕಾಯಬೇಕು. ಫೇಲ್ ಎಂದರೆ ಒಂದು ಹಂಗಾಮಿನ ದುಡಿಮೆ ಹೋದಂತೆ. ಪರೀಕ್ಷೆ ಮಾಡುವವರೂ ಕೊಳ್ಳುವವರೂ ಒಬ್ಬರೇ. ಇದರ ಮದ್ದು ಕಷ್ಟದ್ದಲ್ಲ. ಬೀಜ ಒಪ್ಪಿಸುವಾಗಲೇ ಮೂರು ಮಾದರಿ ತೆಗೆದು ಸೀಲ್ ಮಾಡಬೇಕು: ಒಂದು ಕಂಪನಿಗೆ, ಒಂದು ರೈತನಿಗೆ, ಒಂದು ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ. ತಕರಾರು ಬಂದರೆ ಮೂರನೆಯದು ಮಾತಾಡಲಿ. ಇದರಿಂದ ಒಳ್ಳೆಯ ಕಂಪನಿಗೂ ಲಾಭವೇ, ನುರಿತ ರೈತರು ಅದರ ಬಳಿಯೇ ಉಳಿಯುತ್ತಾರೆ.

ಸುಧಾರಣೆ ಎಂದರೆ ಉದ್ದಿಮೆಗೆ ನೆಲ, ನೀರು ಅಗ್ಗವಾಗಿ ಕೊಡುವುದು ಎಂಬ ನಂಬಿಕೆ ಇನ್ನೂ ಬಲವಾಗಿದೆ. ಅದರ ಪರೀಕ್ಷೆಯೂ ಈ ಸೀಮೆಯಲ್ಲಿ ಆಗಿಹೋಗಿದೆ. 1984ರಲ್ಲಿ ಸರ್ಕಾರ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಹಳ್ಳಿಗಳ ಗೋಮಾಳ, ಕುರುಚಲು ಕಾಡಿನ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿಗೆ ಬಿಡಲು ಹೊರಟಿತು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆ ಸುತ್ತಲಿನ ಹಳ್ಳಿಗರು 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸೇರಿ ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಆ ಸತ್ಯಾಗ್ರಹದ ಬಳಿಕ, 1991ರಲ್ಲಿ ಕಂಪನಿ ಮುಚ್ಚಿತು. ಕುರಿ ಮೇಯುವ ನೆಲವನ್ನು ಕಾರ್ಖಾನೆಗೆ ಅಗ್ಗದ ಕಚ್ಚಾವಸ್ತುವಾಗಿ ಕೊಟ್ಟರೆ ಲೆಕ್ಕಪುಸ್ತಕದಲ್ಲಿ ಲಾಭ ಕಾಣುತ್ತದೆ. ಕುರಿಗಾಹಿಯ ನಷ್ಟ, ಉಣ್ಣೆ ಸಿಗದ ಕಂಬಳಿ ನೇಕಾರನ ನಷ್ಟ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಒಬ್ಬರ ಪಾಲು ಕಸಿದು ಇನ್ನೊಬ್ಬರಿಗೆ ಕೊಟ್ಟದ್ದನ್ನು ಉತ್ಪಾದಕತೆ ಎನ್ನಲಾಗದು.

ಹಾಗಾದರೆ ಬ್ಯಾಡಗಿಯಲ್ಲಿ ಮೊದಲು ಆಗಬೇಕಾದದ್ದೇನು? ಪ್ರಾಂಗಣದೊಳಗೇ ಎಪಿಎಂಸಿ ನಡೆಸುವ, ದಲಾಲರಿಗೂ ಖರೀದಿದಾರರಿಗೂ ಅಧೀನವಲ್ಲದ ಒಂದು ಪ್ರಯೋಗಾಲಯ. ಅಸಿಟೋನ್ ಪರೀಕ್ಷೆಗೆ ರಾತ್ರಿಯಿಡೀ ಬೇಕು ಎಂಬ ಆಕ್ಷೇಪ ಸರಿಯಾದದ್ದೇ. ಕಾಯಿಯ ಪುಡಿಯ ಮೇಲೆ ಅವಕೆಂಪು ಬೆಳಕು ಬೀರಿ ಕ್ಷಣಗಳಲ್ಲಿ ಅಂದಾಜು ಕೊಡುವ ಸಲಕರಣೆಗಳು ಈಗ ಇವೆ. ಅವುಗಳ ಅಂದಾಜನ್ನು ಅಸಿಟೋನ್ ಪರೀಕ್ಷೆಯೊಡನೆ ಆಗಾಗ ತಾಳೆ ನೋಡಿದರಾಯಿತು. ರೈತರಿಂದ ಬರುವ ಮಾಲಿನ ಮೇಲೆ ಮಾರುಕಟ್ಟೆ ಶುಲ್ಕ ವಸೂಲಿಯಾಗುತ್ತದೆ, ಈ ಖರ್ಚಿಗೆ ಅದಕ್ಕಿಂತ ಸರಿಯಾದ ಹಣ ಬೇರೆ ಇಲ್ಲ. ದರ ಬಿದ್ದ ದಿನ ಮಾರದೆ ಕಾಯಬಯಸುವ ರೈತನಿಗೆ ಊರ ಸುತ್ತಲಿನ ಕೋಲ್ಡ್ ಸ್ಟೋರೇಜಿನ ರಸೀದಿ ಮೇಲೆ ಸಾಲ ಸಿಗಬೇಕು. ಉಗ್ರಾಣ ರಸೀದಿಗೆ 2007ರ ಕಾಯ್ದೆಯ ಬೆಂಬಲ ಆಗಲೇ ಇದೆ. ಬಣ್ಣದ ಅಂಕಿ ಬರೆದ ರಸೀದಿಯಾದರೆ ಬ್ಯಾಂಕಿಗೂ ಧೈರ್ಯ. ಸೋಮವಾರದ ಟೆಂಡರ್ ತೆರೆಯುವ ಮೊದಲು ಲಾಟಿನ ಬಣ್ಣ ಮತ್ತು ತೇವಾಂಶ ಬರೆದ ಚೀಟಿ ರೈತನ ಕೈಗೆ ಬರಬೇಕು, ಅದೇ ಅಂಕಿ ಕೊಚ್ಚಿಯ ಖರೀದಿದಾರನ ಪರದೆಯ ಮೇಲೂ ಕಾಣಬೇಕು.