ಶುಶ್ರೂಷಾವಿದ್ಯೆಗೆ ಹೊರಟ ಹುಡುಗಿ

ಬನಶಂಕರಿಯ ನಮ್ಮ ನೆರೆಮನೆಯ ಹುಡುಗಿ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ವ್ಯಾಸಂಗಕ್ಕೆ ಸೇರಿರುವಳು. ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಪದವಿ ಕೊಡತಕ್ಕದ್ದು. ಅಜ್ಜಿಯ ಕೊನೆಯ ದಿನಗಳಲ್ಲಿ ದಾದಿಯೊಬ್ಬರು ತೋರಿದ ಸಹನೆಯನ್ನು ಈಕೆ ಕಣ್ಣಾರೆ ಕಂಡವಳು. ತಾನೂ ಅಂಥವಳಾಗಬೇಕೆಂಬುದೇ ಆಸೆ. ಪರೀಕ್ಷೆಯ ಅಂಜಿಕೆ ಆಕೆಗಿಲ್ಲ. “ದೊಡ್ಡಮ್ಮಾ, ಔಷಧ ಕೊಡುವಾಗ ನಾನು ತಪ್ಪಿದರೆ ರೋಗಿಯ ಗತಿಯೇನು?” ಎಂದು ಮೊನ್ನೆ ಕೇಳಿ ಕಣ್ತುಂಬಿಕೊಂಡಳು.

ಈ ಭಯವು ದೋಷವಲ್ಲ, ಗುಣವೆಂದೇ ನನ್ನ ಮತ. ತಕ್ಕ ರೋಗಿ, ತಕ್ಕ ಔಷಧ, ತಕ್ಕ ಪ್ರಮಾಣ, ತಕ್ಕ ಮಾರ್ಗ, ತಕ್ಕ ಕಾಲ ಎಂಬ ಐದನ್ನೂ ಪ್ರತಿಸಲವೂ ನೋಡಿಕೊಳ್ಳಬೇಕೆಂದು ದಾದಿಯರಿಗೆ ಕಲಿಸುವರು. ಅಂಜಿಕೆಯೇ ಇಲ್ಲದವಳು ಅವುಗಳಲ್ಲಿ ಒಂದನ್ನು ಮರೆತಾಳು. ಅಂಜುವವಳು ಐದನ್ನೂ ನೋಡುವಳು. ಸಂದೇಹ ಬಂದರೆ ಹಿರಿಯ ದಾದಿಯನ್ನು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಹೀಗೆಂದು ಆಕೆಗೆ ಹೇಳಿದೆನು.

ಗೃಹಸ್ಥರಲ್ಲಿಯೂ ಒಂದು ಬಿನ್ನಹ. ಮುಂದೆ ಈ ಮಕ್ಕಳಿಗೆ ರಾತ್ರಿಯ ಪಾಳಿ ಬಂದೇ ಬರುವುದು. ಬೆಳಗ್ಗೆ ದಣಿದು ಬಂದ ಮಗಳನ್ನು “ಹೆಣ್ಣಿಗೇಕೆ ಈ ಕೆಲಸ?” ಎಂದು ನೋಯಿಸಬೇಡಿರಿ. ಬಿಸಿಯಾಗಿ ಬಡಿಸಿ, ಕಿಟಕಿಯ ಪರದೆ ಎಳೆದು, ಮಲಗಗೊಡಿರಿ. ನಿದ್ದೆಗೆಟ್ಟ ಕಣ್ಣಿಗೆ ಔಷಧದ ಚೀಟಿಯ ಅಕ್ಷರವು ತಿಳಿಯಾಗಿ ಕಾಣದು.